ಡಿಫಾಲ್ಟ್ ಗೇಟಯ್ಯ

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಯಾರದೆಂದು ಗೊತ್ತಾಗದ ವಸ್ತುವನ್ನು ನಿಂಗಯ್ಯನ ಕೈಗೆ ಕೊಡುವುದು ಪದ್ಧತಿ. ಲಾರಿಯಿಂದ ಬಿದ್ದ ಮೂಟೆ, ಒಂಟಿ ಚಪ್ಪಲಿ, ಹೆಸರು ಅಳಿಸಿಹೋದ ಕಾಗದ, ದಾರಿ ತಪ್ಪಿದ ಮಲಯಾಳಿ ಕ್ಲೀನರ್, ಎಲ್ಲವೂ ಮೊದಲು ಗೇಟಿನ ಪಕ್ಕದ ಅವನ ಕೋಣೆಗೆ ಹೋಗುತ್ತಿದ್ದವು. ನಿಂಗಯ್ಯ ಯಾವುದಕ್ಕೂ ಗೊತ್ತಿಲ್ಲ ಎನ್ನುತ್ತಿರಲಿಲ್ಲ. ಗೊತ್ತಿರುತ್ತಿತ್ತು ಎಂದಲ್ಲ. ಎತ್ತಲೋ ಒಂದು ಕಡೆ ಕೈ ತೋರಿಸುತ್ತಿದ್ದ, ವಸ್ತು ಅತ್ತ ಹೋಗುತ್ತಿತ್ತು. ಮರಳಿ ಬಂದರೆ ಇನ್ನೊಂದು ಕಡೆ ತೋರಿಸುತ್ತಿದ್ದ. ಮಂಡಿಯವರು ಅವನನ್ನು ಗೇಟಯ್ಯ ಎಂದೇ ಕರೆಯುತ್ತಿದ್ದರು. ನಿಂಗಯ್ಯ ಎಂಬ ಹೆಸರು ಕೂಲಿ ಬಟವಾಡೆಯ ಹೊತ್ತಿಗೆ ಮಾತ್ರ ಬೇಕಾಗುತ್ತಿತ್ತು.

ಮಂಡಿ ವರ್ತಕರ ಸಂಘ ಅಂಗಡಿಗಳ ಫೋನುಗಳನ್ನೆಲ್ಲ ಜೋಡಿಸುವ ಹೊಸ ಫೋನ್ ಪೆಟ್ಟಿಗೆ ತರಿಸಲು ನಿರ್ಧರಿಸಿದಾಗ ಅದರ ಜೊತೆಗೇ ಇನ್ನೊಂದು ನಿರ್ಧಾರವೂ ಆಯಿತು. ಪೆಟ್ಟಿಗೆ ಶುರುವಾದ ಮೇಲೆ ನಿಂಗಯ್ಯ ಬೇಡ. ಅಂಗಡಿಯಿಂದ ಅಂಗಡಿಗೆ ಸುದ್ದಿ ಮುಟ್ಟಿಸುವುದು, ಲಾರಿ ಬಂತೆಂದು ಕೂಗುವುದು ಅವನ ಕೆಲಸ. ಇನ್ನು ಅದನ್ನು ಪೆಟ್ಟಿಗೆ ಮಾಡುತ್ತದೆ. ಸಂಘದ ಕಾರ್ಯದರ್ಶಿ ರಾಜಶೇಖರ್ ಬಿ.ಕಾಂ. ಓದಿದವನು, ಇಂಥ ವಿಷಯವನ್ನು ಎದುರಿಗೇ ಹೇಳಬೇಕೆಂದು ನಂಬಿದವನು. ಗೇಟಿಗೆ ಬಂದು ಹೇಳಿದ. ನಿಂಗಯ್ಯ ಹ್ಞೂಂ ಎಂದು ಲಾರಿಯೊಂದಕ್ಕೆ ಗೇಟು ತೆಗೆದ.

ಆ ಕೋಣೆ ಬಿಟ್ಟರೆ ನಿಂಗಯ್ಯನಿಗೆ ಊರಲ್ಲಿ ಬೇರೆ ಜಾಗವಿರಲಿಲ್ಲ. ಕೇರಳದ ದಾರಿಯ ಮದ್ದೂರಿನ ಕಡೆ, ಕಾಡಂಚಿನಲ್ಲಿ, ಮಗಳ ಮನೆಯಿತ್ತು. ಹಬ್ಬಕ್ಕೆ ಹೋದರೂ ಮಧ್ಯಾಹ್ನದ ಊಟ ಮುಗಿಸಿ ವಾಪಸ್ ಬರುತ್ತಿದ್ದ. ಇರು ಎಂದರೆ, ಗೇಟು ಒಂಟಿಯಾಗಿ ಅದೆ ಕಣವ್ವ ಎನ್ನುತ್ತಿದ್ದ.

ಪೆಟ್ಟಿಗೆಯನ್ನು ಹೊಂದಿಸುವ ಕೆಲಸ ಚಾಮರಾಜನಗರದ ಅಸ್ಮಾಳಿಗೆ ಸಿಕ್ಕಿತು. ಅವಳ ತಂದೆ ನೂರುಲ್ಲಾರದು ಮೊದಲು ರೇಡಿಯೋ ರಿಪೇರಿ ಅಂಗಡಿ. ಈಗ ಅದೇ ಅಂಗಡಿಯಲ್ಲಿ ಅಸ್ಮಾ ಸಿಸಿಟಿವಿ, ಫೋನು, ಇಂಟರ್‌ನೆಟ್ ಕೆಲಸ ಮಾಡುತ್ತಿದ್ದಳು. ಹೋಗುವ ಮುಂಚೆ ವಿವರ ಕೇಳಿಕೊಳ್ಳೋಣವೆಂದು ರಾಜಶೇಖರನಿಗೆ ಫೋನ್ ಮಾಡಿದಳು. ಆ ಕಡೆ ಈರುಳ್ಳಿ ಹರಾಜು ನಡೆಯುತ್ತಿತ್ತು.

"ಸರ್, ಈ ಪೆಟ್ಟಿಗೆಗೆ ಎರಡು ಇಂಟರ್‌ಫೇಸ್ ಇದೆ. ಒಂದು ಒಳಗಡೆಗೆ, ನಿಮ್ಮ ಮಂಡಿ ಫೋನುಗಳಿಗೆ. ಇನ್ನೊಂದು ಹೊರಗಡೆಗೆ, ಇಲ್ಲಿ ಚಾಮರಾಜನಗರದ ವರ್ತಕರ ಸಂಘದ ಆಫೀಸಿಗೆ. ಎರಡಕ್ಕೂ ಅಡ್ರೆಸ್ ಬೇಕು, ಮಾಸ್ಕ್ ಬೇಕು. ಆಮೇಲೆ ಗೇಟ್‌ವೇ."

"ಯಾರು?"

"ಗೇಟ್‌ವೇ ಸರ್. ನಿಮ್ಮ ಕಡೆ ಗೇಟ್‌ವೇ ಯಾವುದು ಅಂತ ಬೇಕು."

"ಗೇಟಯ್ಯನಾ?" ರಾಜಶೇಖರ್ ಒಂದು ಕಿವಿ ಮುಚ್ಚಿಕೊಂಡ. "ಅವನು ಯಾಕೆ?"

"ಅದಿಲ್ಲದೆ ಹೊರಗಡೆಗೆ ಮಾತು ಹೋಗಲ್ಲ ಸರ್."

"ಹೋಗೋದೇ ಇಲ್ವಾ?"

"ಇಲ್ಲ ಸರ್. ಡಿಫಾಲ್ಟ್ ಗೇಟ್‌ವೇ ಒಂದು ಇರಲೇಬೇಕು."

"ಬರೆದು ಕಳಿಸ್ತೀನಿ" ಎಂದು ರಾಜಶೇಖರ್ ಫೋನ್ ಇಟ್ಟ.

ಸಂಜೆ ವಾಟ್ಸಾಪಿನಲ್ಲಿ ವಿವರ ಬಂತು. ಅಡ್ರೆಸ್: ಈರುಳ್ಳಿ ಮಂಡಿ ವರ್ತಕರ ಸಂಘ, ಊಟಿ ರಸ್ತೆ, ಗುಂಡ್ಲುಪೇಟೆ. ಮಾಸ್ಕ್: ಈಗ ಕಡ್ಡಾಯವಿಲ್ಲ. ಗೇಟ್‌ವೇ: ನಿಂಗಯ್ಯ ಬಿನ್ ಲೇಟ್ ಕೆಂಚಯ್ಯ, ಗೇಟ್ ರೂಮ್, ಸದರಿ ವಿಳಾಸ.

ಅಸ್ಮಾ ಅದನ್ನು ತಂದೆಗೆ ತೋರಿಸಿದಳು. ನೂರುಲ್ಲಾ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಪಿನ್ ಕೋಡ್ ಒಂದು ಬಿಟ್ಟಿದ್ದಾರೆ ಬೇಟಿ" ಎಂದರು.

ಮರುದಿನ ಅಸ್ಮಾ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಬಂದಳು. ಮಂಡಿಯ ಗೇಟಿನಲ್ಲಿ ತೆಳ್ಳಗಿನ ಮುದುಕನೊಬ್ಬ ಸ್ಟೂಲಿನಿಂದ ಎದ್ದು ನಿಂತ.

"ಇದೇನಾ ಅದು?"

"ಹೌದು ತಾತ. ಫೋನ್ ಪೆಟ್ಟಿಗೆ."

"ಕೊಡವ್ವ ಇಲ್ಲಿ. ಭಾರ ಅದೆ."

ಅಷ್ಟೇನೂ ಭಾರವಿರಲಿಲ್ಲ. ಅವನು ಟವೆಲ್ಲನ್ನು ಸಿಂಬಿ ಸುತ್ತಿ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದ. ಮೂಟೆ ಹೊಲಿಯುತ್ತಿದ್ದ ದೇವರಾಜು ಎಂಬ ಹಮಾಲಿ ಸೂಜಿ ನಿಲ್ಲಿಸಿ ನೋಡಿದ.

"ಏನ್ ಗೇಟಯ್ಯ, ನಿನ್ ಜಾಗಕ್ಕೆ ಬರೋನ್ನ ನೀನೇ ತಲೆ ಮ್ಯಾಲೆ ಒತ್ಕೊಂಡು ಓಯ್ತಾ ಇದ್ದೀಯಲ್ಲ!"

"ಇನ್ಯಾರ್ಲಾ ಒತ್ಕೊಂಡು ಓಗೋರು, ನೀನಾ? ನೀನು ಮೂಟೆನೇ ಸರ್ಯಾಗಿ ಒರಲ್ಲ."

ಅಸ್ಮಾಳಿಗೆ ವಿಷಯ ಗೊತ್ತಾಗಿದ್ದು ಹಾಗೆ. ಸಂಘದ ಕಚೇರಿ ಮುಟ್ಟುವವರೆಗೂ ಅವಳು ನಿಂಗಯ್ಯನ ಹಿಮ್ಮಡಿಗಳನ್ನು ನೋಡಿಕೊಂಡು ನಡೆದಳು. ಅವನು ಪೆಟ್ಟಿಗೆಯನ್ನು ಮೇಜಿನ ಮೇಲೆ ಸದ್ದಾಗದಂತೆ ಇಳಿಸಿ, ಟವೆಲ್ಲಿನಿಂದ ಅದರ ಧೂಳು ಒರೆಸಿ, ಬಾಗಿಲ ಬಳಿ ನಿಂತ.

ಸಂಘದವರೆಲ್ಲ ಸೇರಿದ್ದರು. ಅಧ್ಯಕ್ಷ ದೊಡ್ಡಮಲ್ಲಪ್ಪನವರು ಆಗಷ್ಟೇ ಪೂಜೆ ಮುಗಿಸಿ ಬಂದಿದ್ದರು. ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ. ಅಸ್ಮಾ ಲ್ಯಾಪ್‌ಟಾಪ್ ತೆರೆದು ಪೆಟ್ಟಿಗೆಗೆ ತಂತಿ ಜೋಡಿಸಿದಳು.

"ಏನೇನು ಮಾಡ್ತಿ, ನಮ್ಗೂ ಅರ್ಥ ಆಗಂಗೆ ಏಳವ್ವ" ಎಂದರು ದೊಡ್ಡಮಲ್ಲಪ್ಪ.

"ಇದಕ್ಕೆ ಎರಡು ಮುಖ ಇದೆ ಯಜಮಾನ್ರೇ. ಒಳಗಡೆ ಒಂದು, ಹೊರಗಡೆ ಒಂದು."

"ಎರಡು ಮೊಕದೋನ್ನ ಮಂಡಿಗೆ ಯಾಕವ್ವ ತಂದೆ? ಇಲ್ಲಿರೋರೇ ಸಾಲ್ದಾ?" ಎಂದು ಟೊಮೆಟೊ ವ್ಯಾಪಾರಿ ಸೋಮಣ್ಣ ಎಲ್ಲರನ್ನೂ ನೋಡಿದ. ಎಲ್ಲರೂ ನಕ್ಕರು, ರಾಜಶೇಖರನನ್ನು ಬಿಟ್ಟು.

"ಎರಡು ಮುಖಕ್ಕೂ ಬೇರೆ ಬೇರೆ ನಂಬರು. ಒಂದೇ ಥರದ ನಂಬರು ಕೊಟ್ಟರೆ ಅದಕ್ಕೆ ತಾನು ಒಳಗಿದ್ದೀನಾ ಹೊರಗಿದ್ದೀನಾ ಗೊತ್ತಾಗಲ್ಲ. ಆಮೇಲೆ ಮಾಸ್ಕ್ ಹಾಕ್ತೀನಿ."

"ತಿರ್ಗಾ ಬಂತಾ?" ಎಂದ ಸೋಮಣ್ಣ, ನಿಜವಾಗಿಯೂ ಹೆದರಿ.

"ಆ ಮಾಸ್ಕ್ ಅಲ್ಲ ಅಣ್ಣ. ತಮ್ಮೋರು ಎಲ್ಲಿವರೆಗೆ, ಹೊರಗಿನೋರು ಎಲ್ಲಿಂದ ಅಂತ ಗೆರೆ ಹಾಕೋದು. ತಮ್ಮೋರ ಮಾತನ್ನ ಪೆಟ್ಟಿಗೆ ತಾನೇ ಮುಟ್ಟಿಸುತ್ತೆ. ಹೊರಗಿನೋರದ್ದು ಬಂದರೆ ಅದಕ್ಕೆ ದಾರಿ ಗೊತ್ತಿರಲ್ಲ. ಆಗ ಯಾರಾದರೂ ಒಬ್ಬರ ಕೈಗೆ ಕೊಡಬೇಕು. ಅವರು ಮುಂದಕ್ಕೆ ಕಳಿಸ್ತಾರೆ. ಅದೇ ಡಿಫಾಲ್ಟ್ ಗೇಟ್‌ವೇ."

ಸಂಘದವರೆಲ್ಲ ಒಟ್ಟಿಗೆ ಬಾಗಿಲಿನತ್ತ ತಿರುಗಿದರು. ನಿಂಗಯ್ಯ ತನ್ನ ಹಿಂದೆ ಯಾರಾದರೂ ಬಂದರೇನೋ ಎಂದು ತಿರುಗಿ ನೋಡಿದ.

"ಇಷ್ಟನ್ನ ಏಳಕ್ಕೆ ಇಂಗ್ಲಿಷ್ ಯಾಕೆ ಬೇಕಿತ್ತು" ಎಂದರು ದೊಡ್ಡಮಲ್ಲಪ್ಪ.

ಅಷ್ಟರಲ್ಲಿ ರಾಜಶೇಖರ್ ವಿಚಾರಿಸಿ ತಿಳಿದುಕೊಂಡಿದ್ದ. ವಾಟ್ಸಾಪಿನ ವಿವರಕ್ಕಾಗಿ ಅವನಿಗೆ ಸ್ವಲ್ಪ ನಾಚಿಕೆಯೂ ಆಗಿತ್ತು. "ಯಜಮಾನ್ರೇ, ಗೇಟ್‌ವೇ ಅನ್ನೋದು ಯಂತ್ರ. ನಿಂಗಯ್ಯನಿಗೂ ಅದಕ್ಕೂ ಸಂಬಂಧ ಇಲ್ಲ."

"ಯಂತ್ರಕ್ಕೆ ಗೇಟಯ್ಯ ಅಂತ ಎಸ್ರಿಟ್ಟೋರು ಯಾರ್ಲಾ?"

"ಇಂಗ್ಲಿಷಿನವರು."

"ನೋಡು ಮತ್ತೆ. ಅವ್ರು ನಮ್ ಮಂಡಿ ನೋಡ್ದಲೇ ಇಟ್ಟವ್ರೆ. ಅಂದ್ರೆ ಎಲ್ಲಾ ಕಡೆನೂ ಒಬ್ಬ ಬೇಕೇ ಬೇಕು ಅಂತಾಯ್ತು."

"ಅದೆಲ್ಲ ಸರಿ, ಡಿಫಾಲ್ಟ್ ಅಂದ್ರಲ್ಲ?" ಸೋಮಣ್ಣನ ಮುಖ ಗಂಭೀರವಾಗಿತ್ತು. "ಸೊಸೈಟಿ ಬೋರ್ಡಲ್ಲಿ ಎಸ್ರು ಬರ್ದು ನೇತಾಕ್ತಾರಲ್ಲ, ಅದಾ? ಡಿಫಾಲ್ಟ್ ಆದೋರ್ಗೆ ಸಂಘದಲ್ಲಿ ಜವಾಬ್ದಾರಿ ಕೊಡಂಗಿಲ್ಲ. ಬೈಲಾದಲ್ಲೇ ಅದೆ."

ಬಾಗಿಲ ಬಳಿಯಿಂದ ನಿಂಗಯ್ಯ ಮೊದಲ ಸಲ ಮಾತಾಡಿದ. "ನಾನು ಯಾರ ತಾವೂ ಸಾಲ ಮಾಡಿಲ್ಲ ಕಣವ್ವ. ನನ್ನ ಡಿಫಾಲ್ಟ್ ಅಂತ ಬರೀಬ್ಯಾಡ. ತಗುದಾಕೋದಾದ್ರೆ ಸುಮ್ನೆ ತಗುದಾಕಿ."

"ಅದು ಬಯ್ಗುಳ ಅಲ್ಲ ತಾತ" ಎಂದಳು ಅಸ್ಮಾ. "ಬೇರೆ ಯಾರ ಹೆಸರನ್ನೂ ಹೇಳದೆ ಇದ್ದಾಗ ಉಳಿಯೋರು ಅಂತ."

ನಿಂಗಯ್ಯ ಅದನ್ನು ಯೋಚಿಸಿ ನೋಡಿದ.

"ಅಂಗಾದ್ರೆ ಬರ್ಕೊ" ಎಂದ.

ಕೈ ಎತ್ತಿ ಮತ ಹಾಕಿದರು. ಇದಕ್ಕೆ ಮತ ಬೇಕಾಗಿಲ್ಲ ಎಂದು ಅಸ್ಮಾ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ರಾಜಶೇಖರ್ ಕೈ ಎತ್ತಲಿಲ್ಲ. ಅವನು ಎತ್ತದಿದ್ದರೂ ಗೇಟಯ್ಯ ಗೇಟ್‌ವೇ ಆದ.

ಆಮೇಲೆ ನಡೆದದ್ದು ಇನ್ನಷ್ಟು ಗೊಂದಲಕ್ಕೆ ಕಾರಣವಾಯಿತು. ಇಂಟರ್‌ನೆಟ್ಟಿನ ಕೇಬಲ್ಲು ರಸ್ತೆಯ ಕಂಬದಿಂದ ಮಂಡಿಯೊಳಗೆ ಬರಬೇಕಿತ್ತು. ಕಂಬಕ್ಕೆ ಹತ್ತಿರವಿದ್ದದ್ದು ಗೇಟಿನ ಕೋಣೆ. ಹೊರಗಿನ ಜಗತ್ತಿಗೆ ದಾರಿ ತೋರಿಸುವ ಯಂತ್ರವನ್ನು, ಅಂದರೆ ಅಸ್ಮಾಳ ಗೇಟ್‌ವೇಯನ್ನು, ಅಲ್ಲಿಯೇ ಇಡಬೇಕಾಯಿತು. ನಿಂಗಯ್ಯನ ಹಾಸಿಗೆಯ ಮೇಲಿನ ಹಲಗೆಯಲ್ಲಿ, ಮಾದಪ್ಪನ ಪಟದ ಪಕ್ಕ, ಅದು ಕೂತಿತು. ಕೋಣೆಯಲ್ಲಿ ಪ್ಲಗ್ ಹಾಕುವ ಜಾಗ ಒಂದೇ. ನಿಂಗಯ್ಯ ತನ್ನ ಟೇಬಲ್ ಫ್ಯಾನನ್ನು ಕಿತ್ತು ಜಾಗ ಮಾಡಿಕೊಟ್ಟ. ಅಲ್ಲಿಂದ ಇನ್ನೊಂದು ತಂತಿ ಕಚೇರಿಯ ಪೆಟ್ಟಿಗೆಗೆ ಹೋಯಿತು.

"ನೋಡಪ್ಪ, ಯಂತ್ರ ಅಂದ್ಯಲ್ಲ, ಅದೂ ಅವ್ನ ರೂಮ್ಗೇ ಓಯ್ತು" ಎಂದರು ದೊಡ್ಡಮಲ್ಲಪ್ಪ ರಾಜಶೇಖರನಿಗೆ.

"ಅದು ಕಂಬದಿಂದಾಗಿ ಯಜಮಾನ್ರೇ."

"ಏನಾರ ಆಗ್ಲಿ, ಓಯ್ತೋ ಇಲ್ವೋ?"

ಮೊದಲ ಕರೆಯನ್ನು ದೊಡ್ಡಮಲ್ಲಪ್ಪನವರೇ ಮಾಡಿದರು. ಚಾಮರಾಜನಗರದ ಕಚೇರಿಯಲ್ಲಿ ಅರಿಶಿನದ ವ್ಯಾಪಾರಿ ಮಲ್ಲಿಕಾರ್ಜುನಸ್ವಾಮಿ ಎತ್ತಿಕೊಂಡರು.

"ಕೇಳಿಸ್ತದಾ?"

"ಕೇಳಿಸ್ತದೆ. ಏನು ವಿಷ್ಯ?"

"ವಿಷ್ಯ ಏನಿಲ್ಲ."

"ನಮ್ಮಲ್ಲೂ ಏನಿಲ್ಲ."

ಇಬ್ಬರಿಗೂ ತುಂಬಾ ಸಂತೋಷವಾಯಿತು. ಅಸ್ಮಾ ತಂತಿಗಳನ್ನು ಸುತ್ತಿಟ್ಟುಕೊಂಡು ಚಾಮರಾಜನಗರದ ಬಸ್ಸು ಹಿಡಿದಳು.

ಪೆಟ್ಟಿಗೆ ಶುರುವಾದರೂ ನಿಂಗಯ್ಯನನ್ನು ತಕ್ಷಣ ಕಳಿಸಲಿಲ್ಲ. ಬೀಳ್ಕೊಡುಗೆಗೆ ಒಂದು ಶಾಲು ತರಬೇಕಿತ್ತು, ಶಾಲು ತರುವವರು ಮೈಸೂರಿಗೆ ಹೋಗಬೇಕಿತ್ತು. ಆ ನಡುವೆ ನಿಂಗಯ್ಯ ಹಲಗೆಯ ಮೇಲಿನ ಯಂತ್ರವನ್ನು ಗಮನಿಸತೊಡಗಿದ. ಅದರ ಹಸಿರು ದೀಪ ಮಾತು ಹೋಗುವಾಗೆಲ್ಲ ಮಿಣುಕುತ್ತಿತ್ತು. ಕೆಲವೊಮ್ಮೆ ನಿಧಾನ, ಕೆಲವೊಮ್ಮೆ ಒಂದರ ಮೇಲೊಂದು. ಮಾತುಗಳು ಈ ಗೇಟಿನ ಮೂಲಕವೇ ಹೋಗುತ್ತವೆಂದು ಸಂಘವೇ ಕೈ ಎತ್ತಿ ಹೇಳಿತ್ತು. ಲಾರಿಗಳೂ ಅದೇ ಗೇಟಿನಲ್ಲಿ ಹೋಗುತ್ತಿದ್ದವು. ನಿಂಗಯ್ಯನಿಗೆ ಇದು ಅಪಾಯವೆನ್ನಿಸಿತು. ದೀಪ ಜೋರಾಗಿ ಮಿಣುಕಿದಾಗ ಗೇಟು ಹಾಕತೊಡಗಿದ.

"ತಗೀ ಗೇಟಯ್ಯ, ಗಾಡಿ ಓಗ್ಬೇಕು!"

"ತಡ್ಯಲಾ, ಮಾತು ಓಯ್ತಾ ಅದೆ."

"ಯಾರ ಮಾತು?"

"ಯಾರದಾದ್ರೇನು, ಮಾತು ಅಲ್ವಾ. ಗಾಲಿಗೆ ಸಿಕ್ಕಾಕೊಂಡ್ರೆ ನೀನು ಬಿಡಿಸ್ಕೊಡ್ತೀಯಾ?"

ಕೇರಳಕ್ಕೆ ಹೋಗುವ ಲಾರಿಗಳು ಊಟಿ ರಸ್ತೆಯವರೆಗೆ ಸಾಲು ನಿಂತವು. ಡ್ರೈವರುಗಳು ಬೈದರು, ಆಮೇಲೆ ಒಗ್ಗಿಕೊಂಡರು. ಆನೆಗಳಿಗಾಗಿ ರಾತ್ರಿ ಮುಚ್ಚುವ ಮದ್ದೂರಿನ ಕಾಡಿನ ಗೇಟಿನಲ್ಲಿ ಬೆಳಗಾಗುವವರೆಗೆ ಕಾಯುವವರಿಗೆ ಮಾತಿಗಾಗಿ ಸ್ವಲ್ಪ ಹೊತ್ತು ಕಾಯುವುದು ಕಷ್ಟವಾಗಲಿಲ್ಲ. ಒಬ್ಬ ಡ್ರೈವರು ದೀಪ ನಿಂತಿತೇ ಎಂದು ಕಿಟಕಿಯಲ್ಲಿ ಇಣುಕಿ ಉಳಿದವರಿಗೆ ಕೂಗಿ ಹೇಳುತ್ತಿದ್ದ.

ರಾಜಶೇಖರನಿಗೆ ಇದನ್ನು ಸಹಿಸಲಾಗಲಿಲ್ಲ. ಶಾಲನ್ನು ಗುಂಡ್ಲುಪೇಟೆಯಲ್ಲೇ ಕೊಂಡು ಬೀಳ್ಕೊಡುಗೆ ಇಟ್ಟುಬಿಟ್ಟ.

ಹಾರ ಹಾಕಿದರು. ಹಣ್ಣಿನ ತಟ್ಟೆ ಕೊಟ್ಟರು. ದೊಡ್ಡಮಲ್ಲಪ್ಪನವರು ಮಾತಾಡಲು ಎದ್ದು, "ಏನ್ಲಾ ನಿಂಗ" ಎಂದಷ್ಟೇ ಹೇಳಿ ಕೂತರು. ರಾಜಶೇಖರ್ ಮಾತ್ರ ಚೆನ್ನಾಗಿ ಮಾತಾಡಿದ. ತಂತ್ರಜ್ಞಾನದ ಯುಗ, ವಿಶ್ರಾಂತಿ ಎಂಬ ಪದಗಳಿದ್ದವು.

ನಿಂಗಯ್ಯ ಕೋಣೆಗೆ ಹೋಗಿ ಹಾಸಿಗೆ ಸುತ್ತಿದ. ಮನೆ ಬಿಟ್ಟು ಹೋಗುವವರೆಲ್ಲ ಮಾಡುವಂತೆ ಮೇನ್ ಸ್ವಿಚ್ ಆರಿಸಿದ. ಬೀಗ ಹಾಕಿದ. ಆಮೇಲೆ ಬೀಗದ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಇನ್ನು ಈ ಕೋಣೆ ಯಾರದೆಂದು ಅವನಿಗೆ ತಿಳಿಯಲಿಲ್ಲ. ಯಾರದೆಂದು ತಿಳಿಯದ್ದನ್ನು ಮಂಡಿಯಲ್ಲಿ ನಿಂಗಯ್ಯನಿಗೆ ಕೊಡಬೇಕು. ಅದನ್ನು ಉಡಿದಾರಕ್ಕೆ ಕಟ್ಟಿಕೊಂಡು ಮದ್ದೂರಿನ ಬಸ್ಸು ಹತ್ತಿದ.

ಅವನ ಬಸ್ಸು ಹೊರಡುವ ಮುಂಚೆಯೇ ಹೊರಗಿನ ಫೋನುಗಳು ಸತ್ತಿದ್ದವು. ಪೆಟ್ಟಿಗೆ ಕಚೇರಿಯಲ್ಲಿ ಚೆನ್ನಾಗಿಯೇ ಇತ್ತು. ಸೋಮಣ್ಣ ದೊಡ್ಡಮಲ್ಲಪ್ಪನವರಿಗೆ ಫೋನ್ ಮಾಡಬಹುದಿತ್ತು, ದೊಡ್ಡಮಲ್ಲಪ್ಪನವರು ಸೋಮಣ್ಣನಿಗೆ. ಚಾಮರಾಜನಗರ ಸಿಗುತ್ತಿರಲಿಲ್ಲ, ಕೇರಳ ಸಿಗುತ್ತಿರಲಿಲ್ಲ. ಮಂಡಿ ತನ್ನೊಂದಿಗೆ ತಾನೇ ಮಾತಾಡಿಕೊಂಡು ಕೂತಿತ್ತು. ಎರಡನೆಯ ದಿನವೂ ಹಾಗೆಯೇ ಆದಾಗ ರಾಜಶೇಖರ್ ಅಸ್ಮಾ ಹೇಳಿಕೊಟ್ಟಂತೆ ಕಂಪ್ಯೂಟರಿನಲ್ಲಿ ಪೆಟ್ಟಿಗೆಯ ಪುಟ ತೆರೆದ. ಮೇಲ್ಗಡೆ ಕೆಂಪು ಅಕ್ಷರದಲ್ಲಿ ಒಂದು ಸಾಲಿತ್ತು. ಅವನು ಅದನ್ನು ಮನಸ್ಸಿನಲ್ಲೇ ಓದಿಕೊಂಡು ಪರದೆ ಮುಚ್ಚಲು ಹೋದ.

"ಏನಂತೆ?" ಎಂದರು ಹಿಂದೆ ನಿಂತಿದ್ದ ದೊಡ್ಡಮಲ್ಲಪ್ಪ.

"ಏನಿಲ್ಲ."

"ಕೆಂಪಗೆ ಬರ್ದದಲ್ಲ. ಓದು."

"ಗೇಟ್‌ವೇ ಸಿಗುತ್ತಿಲ್ಲ ಅಂತ."

"ಎಂಗ್ಲಾ ಸಿಕ್ಕಾನು? ಶಾಲು ಒದಿಸಿ ಬಸ್ ಅತ್ಸಿ ಕಳಿಸ್ದೋರು ನಾವೇ ಅಲ್ವಾ!"

ಅಸ್ಮಾಳಿಗೆ ಮೊಬೈಲಿನಿಂದ ಕರೆ ಹೋಯಿತು. ಗೇಟಿನ ಕೋಣೆಯಲ್ಲಿ ಕರೆಂಟ್ ಇದೆಯೇ ನೋಡಿ ಎಂದಳು. ಬೀಗ ಹಾಕಿದೆ ಎಂದರು. ಒಡೆಯಿರಿ ಎಂದಳು. ದೊಡ್ಡಮಲ್ಲಪ್ಪನವರು ಮೊಬೈಲನ್ನು ಕಿತ್ತುಕೊಂಡರು.

"ಬೀಗ ಒಡ್ಯೋದಾ? ಸ್ವಂತ ಮಂಡೀಲಿ ಕಳ್ತನ ಮಾಡು ಅಂತೀಯೇನವ್ವ? ನೀನು ಬಾ. ಅವ್ನ ಕರ್ಕೊಂಡು ಬರನ."

ಮಧ್ಯಾಹ್ನ ದೊಡ್ಡಮಲ್ಲಪ್ಪನವರ ಜೀಪು ಮದ್ದೂರಿಗೆ ಹೊರಟಿತು. ಅವರೇ ಓಡಿಸುತ್ತಿದ್ದರು. ಪಕ್ಕದಲ್ಲಿ ಅಸ್ಮಾ, ಹಿಂದೆ ರಾಜಶೇಖರ್ ಮತ್ತು ಸೋಮಣ್ಣ.

"ಯಜಮಾನ್ರೇ, ನಿಜ ಹೇಳಿಬಿಡ್ತೀನಿ" ಎಂದಳು ಅಸ್ಮಾ. "ಸ್ವಿಚ್ ಆರಿಸಿದ್ದಾರೆ ಅಷ್ಟೇ. ತಾತ ಬರಬೇಕಾಗಿಲ್ಲ. ಬೀಗದ ಕೈ ಸಿಕ್ಕಿದರೆ ಸಾಕು."

"ಬೀಗದ ಕೈ ಯಾರ್ ತಾವ ಅದೆ?"

"ತಾತನ ಹತ್ರ."

"ಸ್ವಿಚ್ ಆರಿಸ್ದೋನು ಯಾರು?"

"ತಾತ."

"ಫೋನು ಸತ್ತಿದ್ದು ಯಾವಾಗ?"

"ಅವರು ಹೋದಾಗ."

"ಇನ್ನೂ ಅವ್ನು ಬ್ಯಾಡ ಅಂತೀಯಲ್ಲ! ನಿಮ್ಮಪ್ಪ ನಿನ್ನ ಎಲ್ಲಿವರ್ಗೂ ಓದಿಸವ್ರೆ?"

"ಅವಳು ಹೇಳ್ತಿರೋದು ಸರಿ" ಎಂದ ಹಿಂದಿನಿಂದ ರಾಜಶೇಖರ್. "ಬೀಗದ ಕೈ ಇಸ್ಕೊಂಡು ಬಂದ್ಬಿಡೋಣ. ಇನ್ಮೇಲೆ ಅದು ನನ್ನ ಹತ್ರ ಇರುತ್ತೆ."

ಅಸ್ಮಾ ಹೊರಗೆ ನೋಡತೊಡಗಿದಳು. ರಸ್ತೆಯ ಎರಡೂ ಬದಿ ಕಾಡು ಶುರುವಾಗಿತ್ತು.

ನಿಂಗಯ್ಯನ ಮಗಳು ನಾಗಲಕ್ಷ್ಮಿಯ ಮನೆ ರಸ್ತೆಗೆ ಹತ್ತಿರದಲ್ಲೇ ಇತ್ತು. ಮನೆಯ ಮುಂದಿನ ಹೊಂಗೆಮರದ ಕೆಳಗೆ ನಿಂಗಯ್ಯ ಕೂತಿದ್ದ. ಅವನ ಸುತ್ತ ಒಂದು ಛತ್ರಿ, ಒಂದು ಸೂಟ್‌ಕೇಸು, ಮಗುವಿನ ಒಂದು ಶೂ, ಕಾಲು ಮಡಿಸಿಕೊಂಡ ಒಂದು ಮೇಕೆ. ಪಕ್ಕದಲ್ಲಿ ಬಿಳಿ ಪಂಚೆ ಉಟ್ಟ ಮಲಯಾಳಿಯೊಬ್ಬ ಮಜ್ಜಿಗೆ ಕುಡಿಯುತ್ತಿದ್ದ.

ನಾಗಲಕ್ಷ್ಮಿ ಓಡಿಬಂದಳು. "ಬುದ್ದಿ, ನಮ್ಮಪ್ಪನ್ನ ಕರ್ಕೊಂಡು ಓಗಿ. ಬಂದ ದಿವ್ಸದಿಂದ ಊರೋರೆಲ್ಲ ಏನೇನೋ ತಂದು ತಂದು ಕೊಟ್ಟು ಓಯ್ತವ್ರೆ. ಬಸ್ನೋರು ಈ ಮನ್ಸನ್ನೇ ಬುಟ್ಟು ಓಗವ್ರೆ. ಎಲ್ಲಿಗೋಗ್ಬೇಕು ಅಂದ್ರೆ ಅವ್ನಿಗೇ ಗೊತ್ತಿಲ್ಲ. ಇಷ್ಟೊತ್ಗಂಟ ಎರಡ್ಸಲ ಕಳಿಸದ್ರು, ಎರಡ್ಸಲಾನೂ ವಾಪಸ್ ಬಂದವ್ನೆ."

"ಈ ಸಲ ಕೇರಳಕ್ಕೆ, ಬತ್ತೇರಿ ಕಡೆ ಕಳಿಸ್ತೀನಿ ಬುಡು" ಎಂದ ನಿಂಗಯ್ಯ, ದೊಡ್ಡಮಲ್ಲಪ್ಪನವರಿಗೆ ಕೈ ಮುಗಿದು ಏಳುತ್ತಾ.

ರಾಜಶೇಖರ್ ಮುಂದೆ ಬಂದು ಕೈ ಚಾಚಿದ. "ನಿಂಗಯ್ಯ, ಬೀಗದ ಕೈ."

ನಿಂಗಯ್ಯ ಉಡಿದಾರದ ಗಂಟು ಬಿಚ್ಚಿದ. ಬೀಗದ ಕೈಯನ್ನು ಪಂಚೆಗೆ ಒರೆಸಿ ಅವನ ಅಂಗೈಯಲ್ಲಿಟ್ಟ. ಯಾವುದನ್ನೂ ಅವನು ಹಿಡಿದಿಟ್ಟುಕೊಂಡವನಲ್ಲ. ಆಮೇಲೆ ತಿರುಗಿ ಮೇಕೆಯ ಪಕ್ಕ ಕೂತ.

"ನಡೀರಿ" ಎಂದ ರಾಜಶೇಖರ್. ಅವನ ಪಾಲಿಗೆ ಎಲ್ಲ ಮುಗಿದಿತ್ತು.

ದೊಡ್ಡಮಲ್ಲಪ್ಪನವರು ಜೀಪಿನ ಕಡೆ ನೋಡಿದರು, ಮರದ ಕಡೆ ನೋಡಿದರು. ಕರೆದುಕೊಂಡು ಹೋಗಲು ಬಂದಿದ್ದರು. ಆದರೆ ಕೇಳಿದ್ದು ಬೀಗದ ಕೈ, ಕೊಟ್ಟದ್ದು ಬೀಗದ ಕೈ. ಇನ್ನು ಏನೆಂದು ಕರೆಯುವುದೋ ಅವರಿಗೆ ಹೊಳೆಯಲಿಲ್ಲ.

"ಇನ್ನೊಂದು ಕೆಲಸ ಇದೆ ಸರ್" ಎಂದಳು ಅಸ್ಮಾ. "ಕರೆಂಟ್ ಹೋಗಿ ಬಂದಾಗ ಗೇಟ್‌ವೇ ಬೇರೆ ನಂಬರು ಹಿಡಿಯಬಹುದು. ಆಗ ಪೆಟ್ಟಿಗೆಗೆ ಮತ್ತೆ ಸಿಗಲ್ಲ. ಅದಕ್ಕೆ ಸ್ಟ್ಯಾಟಿಕ್ ಮಾಡಿಬಿಡಬೇಕು."

"ಅಂಗಂದ್ರೆ?" ಎಂದರು ದೊಡ್ಡಮಲ್ಲಪ್ಪ.

"ಅಡ್ರೆಸ್ಸಿನಲ್ಲಿ ಎರಡು ಥರ ಯಜಮಾನ್ರೇ. ಡೈನಾಮಿಕ್ ಅಂದರೆ ಬೇಕಾದಾಗ ಕೊಡೋದು, ಬೇಡ ಅಂದಾಗ ವಾಪಸ್ ತಗೊಳ್ಳೋದು. ನಾಳೆ ಸಿಗುತ್ತೆ ಅಂತ ಇಲ್ಲ."

"ದಿನಗೂಲಿ" ಎಂದ ಮರದ ಕೆಳಗಿನಿಂದ ನಿಂಗಯ್ಯ.

"ಹ್ಞೂಂ ತಾತ. ಸ್ಟ್ಯಾಟಿಕ್ ಅಂದರೆ ಕಾಯಂ."

ದೊಡ್ಡಮಲ್ಲಪ್ಪನವರ ಮುಖ ಅರಳಿತು. "ಇಷ್ಟು ದಿವ್ಸ ಗೇಟಯ್ಯನ್ನ ದಿನಗೂಲೀಲಿ ಇಟ್ಟಿದ್ವಾ? ಅದ್ಕೇ ಕಣ್ಲಾ ಕಟ್ಟಾಗಿರೋದು! ಕಾಯಂ ಮಾಡಕ್ಕೆ ಏನ್ ಮಾಡ್ಬೇಕವ್ವ?"

ಏನೂ ಮಾಡಬೇಕಾಗಿರಲಿಲ್ಲ. ಪುಟ ತೆರೆದು ಒಂದು ಚುಕ್ಕೆ ಬಿಟ್ಟು ಇನ್ನೊಂದು ಚುಕ್ಕೆ ಒತ್ತಿದರೆ ಮುಗಿಯಿತು. ಯಾರನ್ನೂ ಕೇಳಬೇಕಾಗಿರಲಿಲ್ಲ. ಅಸ್ಮಾ ಮೇಕೆಯನ್ನು ನೋಡಿದಳು. ಮೇಕೆ ಛತ್ರಿಯ ಬಟ್ಟೆ ತಿನ್ನುತ್ತಿತ್ತು, ನಿಂಗಯ್ಯ ಅದರ ಬಾಯಿಂದ ಅದನ್ನು ಮೆಲ್ಲಗೆ ಬಿಡಿಸುತ್ತಿದ್ದ.

"ಸಂಘದ ಒಪ್ಪಿಗೆ ಬೇಕು" ಎಂದಳು.

"ಕೈ ಎತ್ತಿದ್ರೆ ಆಯ್ತದಾ?"

"ಆಗುತ್ತೆ."

"ಎತ್ತಿ ಮತ್ತೆ. ಗೇಟಯ್ಯನ್ನ ಕಾಯಂ ಮಾಡೋದು."

"ಗೇಟ್‌ವೇಯನ್ನ" ಎಂದು ರಾಜಶೇಖರ್ ತಿದ್ದಿದ.

"ಅದನ್ನೇ ನಾನೂ ಏಳಿದ್ದು."

ದೊಡ್ಡಮಲ್ಲಪ್ಪನವರ ಕೈ ಎದ್ದಿತು. ಸೋಮಣ್ಣನ ಕೈ ಎದ್ದಿತು. ಮಂಡಿಯಲ್ಲಿ ಟೊಮೆಟೊ ಕೊಳೆಯುತ್ತಿತ್ತು, ಕೇರಳದಿಂದ ಒಂದು ಕರೆಯೂ ಬಂದಿರಲಿಲ್ಲ. ಯಂತ್ರವೊಂದು ಕಾಯಂ ಆಗುವುದಕ್ಕೆ ಬಿ.ಕಾಂ. ಓದಿದವನ ತಕರಾರು ಇರುವುದು ಸಾಧ್ಯವಿರಲಿಲ್ಲ. ಬೀಗದ ಕೈ ಹಿಡಿದಿದ್ದ ಕೈಯನ್ನೇ ರಾಜಶೇಖರ್ ಮೇಲೆತ್ತಿದ. ಮಲಯಾಳಿಯೂ ಮಜ್ಜಿಗೆಯ ಲೋಟ ಕೆಳಗಿಟ್ಟು ಕೈ ಎತ್ತಿದ.

ನಿಂಗಯ್ಯ ಎದ್ದು ಮನೆಯೊಳಗೆ ಹೋದ. ಹಾಸಿಗೆಯ ಸುರುಳಿಯೊಂದಿಗೆ ಹೊರಗೆ ಬಂದ. ಶಾಲನ್ನು ಮಗಳ ಹೆಗಲಿಗೆ ಹಾಕಿ, ಮೇಕೆಯ ಹಗ್ಗವನ್ನು ಅವಳ ಕೈಗೆ ಕೊಟ್ಟು, ಜೀಪಿನ ಹಿಂಬದಿಗೆ ನಡೆದ.

"ನಿಂಗಯ್ಯ, ನೀನೆಲ್ಲಿಗೆ?" ಎಂದ ರಾಜಶೇಖರ್.

"ಕಾಯಂ ಆಯ್ತಲ್ಲ ಸಾಮಿ."

"ಆಗಿದ್ದು ಯಂತ್ರ!"

ನಿಂಗಯ್ಯ ಒಂದು ಕಾಲು ಜೀಪಿನ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು ನಿಂತ. ಯಾವ ಕಾಲನ್ನು ಎತ್ತಬೇಕೆಂದು ಅವನಿಗೆ ತಿಳಿಯಲಿಲ್ಲ.

"ನೀನು ಕೈ ಎತ್ತಿದ್ಯೋ ಇಲ್ವೋ?" ಎಂದರು ದೊಡ್ಡಮಲ್ಲಪ್ಪ.

"ಯಂತ್ರಕ್ಕೆ ಎತ್ತಿದ್ದು ಯಜಮಾನ್ರೇ."

"ಓ! ಯಂತ್ರನ ಕಾಯಂ ಮಾಡ್ಬುಟ್ಟು ಮನ್ಸನ್ನ ಮರದ ಕೆಳ್ಗೆ ಬುಟ್ಟು ಬಂದ್ವಿ ಅಂದ್ರೆ ನಾಳೆ ಚಾಮರಾಜನಗರದೋರು ಎಲ್ಲಿಂದ ನಕ್ಕಾರು ಗೊತ್ತಾ?"

"ನಗಲ್ಲ. ಎಲ್ಲಾ ಕಡೆನೂ ಹಾಗೇ ಮಾಡೋದು." ರಾಜಶೇಖರ್ ಅಸ್ಮಾಳ ಕಡೆ ತಿರುಗಿದ. ಅವನ ದನಿಯಲ್ಲಿ ನ್ಯಾಯ ಕೇಳುವವನ ಭರವಸೆ ಇತ್ತು. "ಮೇಡಂ, ತಿಳಿದವರು ನೀವೊಬ್ರೇ. ನೀವೇ ಹೇಳಿ. ಈಗ ನಾವು ಕೈ ಎತ್ತಿ ಕಾಯಂ ಮಾಡಿದ್ದು ಯಾರನ್ನ?"

ಎಲ್ಲರೂ ಅವಳನ್ನು ನೋಡಿದರು. ನಿಂಗಯ್ಯ ಮಾತ್ರ ನೋಡಲಿಲ್ಲ. ಅವನು ಹಾಸಿಗೆಯ ಹಗ್ಗದ ಗಂಟನ್ನು ನೋಡುತ್ತಿದ್ದ.

"ಗೇಟಯ್ಯನನ್ನ, ಸರ್" ಎಂದಳು ಅಸ್ಮಾ.

"ಸರಿಯಾಗಿ ಹೇಳಿ."

"ಸರಿಯಾಗೇ ಹೇಳಿದೆ."

ದೊಡ್ಡಮಲ್ಲಪ್ಪನವರು ಜೀಪು ಶುರು ಮಾಡಿದರು. ಹಿಂದೆ ಜಾಗ ಸಾಲಲಿಲ್ಲ. ನಿಂಗಯ್ಯ ಸೋಮಣ್ಣನ ಪಕ್ಕ ಒತ್ತಿಕೊಂಡು ಕೂತ ಮೇಲೆ ಹಾಸಿಗೆ ಎಲ್ಲಿ ಇಡುವುದೆಂಬ ಪ್ರಶ್ನೆ ಬಂತು. ಅವನು ಸುತ್ತ ನೋಡಿ ರಾಜಶೇಖರನ ತೊಡೆಯ ಕಡೆ ಕೈ ತೋರಿಸಿದ.